ಕರೆ

ಹೆಸರು ಹೇಳಿ, ಅಂದ ಗಾಜಿನ ಹಿಂದಿನ ಹುಡುಗ.
ಆರೋಗ್ಯಮ್ಮ, ಅಂದೆ.
ತಲೆ ಎತ್ತದೆ ಬರೆದುಕೊಂಡ
ಕ್ಯಾನ್ಸರ್ ಆಸ್ಪತ್ರೆಯ ಹಳದಿ ಚೀಟಿಯ ಮೇಲೆ:
ಆರೋಗ್ಯಮ್ಮ, ಐವತ್ತೊಂದು, ಹೆಣ್ಣು.
ನಗು ಬಂದದ್ದು ಮೊದಲು ಅವಳಿಗೇ.
ಶಿವಾಜಿನಗರದ ಮಾತೆಗೆ ಹರಕೆ ಹೊತ್ತು
ಅವಳಮ್ಮ ಪಡೆದ ಮಗಳು,
ಪ್ರತಿ ಸೆಪ್ಟೆಂಬರಿಗೂ ಕಾವಿ ಸೀರೆ ತಪ್ಪಿಸಿದವಳಲ್ಲ.

ಹನ್ನೊಂದು ತಿಂಗಳು.
ಶಾಂತಿನಗರದ ಡಿಪೋದಲ್ಲಿ ಮೆಕ್ಯಾನಿಕ್ಕು ನಾನು,
ರಾತ್ರಿ ಪಾಳಿ ಮುಗಿಸಿ ನಡೆದೇ ಬರುತ್ತಿದ್ದೆ
ಗ್ರೀಸಿನ ಕೈಯಲ್ಲಿ ಗಂಜಿಯ ಡಬ್ಬಿ.
ಎಂಜಿನ್ನು ಕೆಮ್ಮಿದರೆ ಸಾಕು
ಯಾವ ನಳಿಗೆ ಕಟ್ಟಿದೆ ಎಂದು ಹೇಳಬಲ್ಲೆ;
ಅವಳ ಕೆಮ್ಮಿನ ಮುಂದೆ ಮಾತ್ರ
ಸ್ಪ್ಯಾನರು ಕಳೆದುಕೊಂಡ ಎಳೆ ಹುಡುಗ.

ಹೊಸೂರು ರಸ್ತೆಯ ಗೋರಿಗಳ ನಡುವೆ ಮಣ್ಣು ಹಾಕಿದ ದಿನ
ಬಂದವರೆಲ್ಲ ಒಂದೊಂದು ಮಾತು ತಂದಿದ್ದರು.
ದೇವರ ಚಿತ್ತ, ಅಂದರು ಲೂರ್ದಪ್ಪನವರು.
ಒಳ್ಳೆ ಹೂವನ್ನೇ ಕರ್ತ ಮೊದಲು ಕೀಳುವುದು, ಅಂದಳು ಅವರ ಸೊಸೆ.
ಯಾಕೆ, ಅವನ ತೋಟದಲ್ಲಿ ಹೂವಿಗೆ ಬರವೇ?
ಬಾಯಿವರೆಗೆ ಬಂತು, ನುಂಗಿದೆ.
ಯಾರೂ ಕೆಟ್ಟವರಲ್ಲ.
ಮಾತು ಸಣ್ಣದು, ಗುಂಡಿ ದೊಡ್ಡದು.

ಎಂಟು ತಿಂಗಳು ಪೂಜೆಗೆ ಹೋಗಲಿಲ್ಲ.
ಭಾನುವಾರದ ಗಂಟೆ ಹೊಡೆಯುವಾಗ
ಕೆಟ್ಟುನಿಂತ ಬಸ್ಸಿನ ಕೆಳಗೆ ಅಂಗಾತ ಮಲಗಿ
ಅದರ ಹೊಟ್ಟೆಗೆ ಹೇಳುತ್ತಿದ್ದೆ:
ಇರುವುದಾದರೆ ಇರು. ನನ್ನ ಹತ್ತಿರ ಬರಬೇಡ.
ಆಯಿಲು ತೊಟ್ಟಿಕ್ಕಿತು ಹಣೆಯ ಮೇಲೆ.
ಅಷ್ಟೇ ಉತ್ತರ.

ಮತ್ತೆ ಆಸ್ಪತ್ರೆಗೆ ಹೋದದ್ದು ಒಂದು ಸಹಿಗೆ,
ವಿಮೆಯ ಕಾಗದ, ಮೂರು ಪ್ರತಿ.
ಸಾಲಿನಲ್ಲಿ ಯಾರೋ ತೋಳು ಮುಟ್ಟಿದರು.
ಸಿಂಧನೂರು ಕಡೆಯ ಹುಡುಗ, ಮೀಸೆ ಇನ್ನೂ ತುಂಬಿಲ್ಲ,
ಕೈಯಲ್ಲಿ ಖಾಲಿ ಫ್ಲಾಸ್ಕು.
'ಯಣ್ಣಾ, ಬಿಸಿನೀರು ಎಲ್ಲಿ ಸಿಗ್ತಾವ್ರಿ?'

ಗೊತ್ತಿತ್ತು.
ಈ ಲೋಕದಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ:
ಮೂರನೆ ಮಹಡಿ, ಲಿಫ್ಟಿನ ಬೆನ್ನಿಗೆ, ಎಡಗಡೆ ನಲ್ಲಿ.
ಬಲಗಡೆಯದು ಸುಳ್ಳು.
ಒಂಬತ್ತರ ಮೇಲೆ ನಿಲ್ಲುತ್ತದೆ, ಆಯಾ ಮುನಿರತ್ನಮ್ಮನನ್ನು ಕೇಳು,
ಬೈಯುತ್ತಾಳೆ, ಕೊಡುತ್ತಾಳೆ.
ಕೀಮೋ ಆದ ದಿನ ಸ್ಟೀಲ್ ಚಮಚ ಬೇಡ,
ಬಾಯೆಲ್ಲ ಕಬ್ಬಿಣವಾಗುತ್ತದೆ, ಮರದ್ದು ತಗೋ.
ಕೂದಲು ಉದುರುವ ಮುಂಚೆ ನೀನೇ ಕತ್ತರಿಸು,
ದಿಂಬಿನ ಮೇಲೆ ಅವಳು ನೋಡಬಾರದು.

ಹೇಳುತ್ತ ಹೇಳುತ್ತ ಮೂರು ಮಹಡಿ ಹತ್ತಿದ್ದೆವು.
ಕೆಳಗೆ ನನ್ನ ಕೌಂಟರು ಮುಚ್ಚಿತು.
ಅವನ ಹೆಂಡತಿ ಹೊರಳಿ ನೋಡಿದಳು,
ಹತ್ತೊಂಬತ್ತೋ ಇಪ್ಪತ್ತೋ.
ಅವಳಿಗೆ ಕೊಡುವಂಥ ವಾಕ್ಯ ನನ್ನ ಬಳಿ ಇರಲಿಲ್ಲ.
ಸ್ಟೂಲೆಳೆದು ಕೂತೆ,
ನೀರು ಆರುವ ತನಕ.

ಆಮೇಲೆ ಪ್ರತಿ ಗುರುವಾರ.

ಇದು ನಿನ್ನ ಕರೆ ಕಣಯ್ಯ ಚೌರಪ್ಪ, ಅಂದರು ಇನ್ನಾಸಿ ಸ್ವಾಮಿಗಳು.
ನನಗೆ ಗೊತ್ತಿರುವ ಕರೆ ಬಾಳೆಯದು.
ಕಾಯಿ ಹೆಚ್ಚುವಾಗ ಸೆರಗಿಗೆ ಹತ್ತಿದರೆ
ಒಗೆದು ಒಗೆದು ಸೀರೆ ಹರಿಯುತ್ತದೆ,
ಕರೆ ಹೋಗುವುದಿಲ್ಲ.
ಅವಳದೊಂದು ಹಸಿರು ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ.

ಎದ್ದು ಬಂದವನೂ
ಮೊಳೆಯ ತೂತು ಮುಚ್ಚಿಕೊಂಡು ಬರಲಿಲ್ಲವಲ್ಲ.
ಮೂರು ದಿನ ಸಮಯವಿತ್ತು,
ನಮ್ಮ ಡಿಪೋ ಲೆಕ್ಕದಲ್ಲಿ ಧಾರಾಳ.
ಹಾಗೇ ಬಿಟ್ಟ. ಗುರುತು ಹತ್ತಿದ್ದು ಅದರಿಂದಲೇ.

ನಿನ್ನೆ ಒಬ್ಬ ಮುದುಕ, ಮಗಳ ಹಾಸಿಗೆಯ ಪಕ್ಕ,
ಹೋಗಯ್ಯ ಆಚೆ, ನಿನ್ನ ದೇವರನ್ನೂ ಕರಕೊಂಡು ಹೋಗು, ಅಂದ.
ಹೋದೆ.
ಬಾಗಿಲಾಚೆ ಗೋಡೆಗೊರಗಿ ನಿಂತೆ, ಫ್ಲಾಸ್ಕು ಹಿಡಿದು,
ಅವನಿಗೆ ನನ್ನ ಚಪ್ಪಲಿಯಷ್ಟೇ ಕಾಣುವ ಹಾಗೆ.

ಆಗ ನೆನಪಾಯಿತು:
ಬಸ್ಸಿನ ಕೆಳಗೆ ಮಲಗಿದವನಿಗೂ
ಹೊರಗೆ ನಿಂತವರ ಪಾದಗಳಷ್ಟೇ ಕಾಣುವುದು.
ಆ ಎಂಟು ತಿಂಗಳು
ನಾನು ಕತ್ತು ಹೊರಳಿಸಿ ನೋಡಿರಲಿಲ್ಲ.