ಕೂಗುವ ಮೊಟ್ಟೆಗಳು

ವರ್ಷವಿಡೀ ನಾನು ಬಡಗಿ. ಈಸ್ಟರಿನ ಹಿಂದಿನ ದಿನ ಮಾತ್ರ
ಹಿತ್ತಾಳೆಯ ಹೆಬ್ಬಾವನ್ನು ಹೆಗಲಿಗೆ ಸುತ್ತಿಕೊಂಡು
ಊರ ಬ್ಯಾಂಡಿನ ಕೊನೇ ಸಾಲಿನಲ್ಲಿ ಟ್ಯೂಬಾ ಊದುತ್ತೇನೆ.
ಕೊನೇ ಸಾಲಿನವನಿಗೆ ಮೆರವಣಿಗೆಯೆಂದರೆ
ಮುಂದಿನವರ ಬೆನ್ನು, ದಾರಿಯಲ್ಲಿ ಕುದುರೆ ಲದ್ದಿ,
ಮತ್ತೆ ಲೆಕ್ಕ: ಒಂದು ಎರಡು ಮೂರು ನಾಲ್ಕು.

ಓಹಾಯೋದ ಏಪ್ರಿಲನ್ನು ನಂಬುವಂತಿಲ್ಲ.
ಬೆಳಿಗ್ಗೆ ಹಿಮದ ಹುಡಿ, ಹತ್ತಕ್ಕೆಲ್ಲ ಕೋಟು ಬಿಚ್ಚುವಷ್ಟು ಬಿಸಿಲು.
ಗ್ರಂಥಾಲಯದ ಅಂಗಳದಲ್ಲಿ ಊರ ಮಕ್ಕಳ ಮೊಟ್ಟೆ ಹುಡುಕಾಟ;
ಸೀಟಿ ಊದಿದ ನಾಲ್ಕೇ ನಿಮಿಷಕ್ಕೆ
ಮಿಡತೆ ಎರಗಿದ ಹೊಲದ ಹಾಗೆ ಬರಿದು.

ಚರ್ಚಿನ ಹಿಂದಿನ ಹುಲ್ಲಿನಲ್ಲಿ ಇನ್ನೊಂದು ಹುಡುಕಾಟ.
ಅಲ್ಲಿ ಯಾರೂ ಓಡುವುದಿಲ್ಲ.
ಮೂವತ್ತೊಂಬತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ
ಆರ್ವಿಲ್ ಸ್ಟಕಿ, ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕೂತು
ಪ್ಲಾಸ್ಟಿಕ್ ಮೊಟ್ಟೆಯ ಹೊಟ್ಟೆಯೊಳಗೆ
ತಂತಿ, ಬ್ಯಾಟರಿ, ಅಂಗಿ ಗುಂಡಿಯಷ್ಟು ಗಂಟಲು
ಬೆಸೆದಿಡುತ್ತಾನೆ. ಚಾಲೂ ಮಾಡಿದರೆ
ಕೀಕ್, ಕೀಕ್, ಕೀಕ್
ತಾಯಿ ತಪ್ಪಿಸಿಕೊಂಡ ಕೋಳಿಮರಿಯ ಹಟ.
ಮೂರು ಜಿಲ್ಲೆಗಳಿಂದ ಬರುತ್ತಾರೆ
ಕಣ್ಣು ಕಾಣದ ಹನ್ನೊಂದು ಮಕ್ಕಳು,
ಬಿಳಿ ಕೋಲು, ಬುಟ್ಟಿ, ಹೊಸ ಬೂಟು.

ಬ್ಯಾಂಡಿಗೆ ಕಟ್ಟಪ್ಪಣೆ: ಚರ್ಚಿನ ತಿರುವಿನಲ್ಲಿ ಬಾಯಿ ಮುಚ್ಚಬೇಕು.
ಈ ಸಲ ದೊಡ್ಡ ಡೋಲಿಗೆ ಹೊಸ ಹುಡುಗ ಕೋಲ್ಬಿ, ಹದಿನಾರರವನು.
ಅವನಿಗೆ ಹೇಳಬೇಕಾದವನು ಹೇಳಲಿಲ್ಲ.
ಹೇಳಬೇಕಾದವನು ನಾನು.

ತಿರುವು ಬಂತು. ನಾವೆಲ್ಲ ತುಟಿ ತೆಗೆದೆವು.
ಡೋಲು ಮಾತ್ರ ಬಡಿಯಿತು, ಬಡಿಯಿತು,
ಇದು ತನ್ನದೇ ಸರದಿಯೆಂದು ಹಿಗ್ಗಿ ಇನ್ನಷ್ಟು ಬಡಿಯಿತು.
ಹುಲ್ಲಿನ ಮೇಲೆ ಹನ್ನೊಂದು ಮಕ್ಕಳು
ನಿಂತಲ್ಲೇ ನಿಂತರು,
ಕರೆಂಟು ಹೋದ ಮನೆಯಲ್ಲಿ ನಾವು ನಿಲ್ಲುತ್ತೇವಲ್ಲ,
ಒಂದು ಕೈ ಚಾಚಿಕೊಂಡು, ಹಾಗೆ.

ಪ್ರಿಚರ್ಡ್ ಮೇಡಂ ಹಿಂದಿರುಗಿ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು;
ಎಪ್ಪತ್ತರ ಹೆಂಗಸು, ಟೋಪಿ ಒಂದು ಕಡೆ, ತಾನೊಂದು ಕಡೆ,
ಎರಡೂ ಅಂಗೈಯನ್ನು ಡೋಲಿನ ಚರ್ಮಕ್ಕೆ ಒತ್ತಿಹಿಡಿದಳು,
ಜ್ವರದ ಮಗುವಿನ ಹಣೆಗೆ ಒತ್ತಿದ ಹಾಗೆ.
ಕೋಲ್ಬಿಯ ಕಿವಿ ಕೆಂಪಾಯಿತು. ನನ್ನದೂ.
ಆಮೇಲೆ ಜಲ್ಲಿಯ ಮೇಲೆ ಬರೀ ಬೂಟುಗಳು.
ಆಮೇಲೆ ಅವೂ ನಿಂತವು.

ಕೀಕ್.

ಹಳದಿ ರೇನ್‌ಕೋಟಿನ ಆಡ್ರಾ ಮೊದಲು ಕತ್ತು ಹೊರಳಿಸಿದಳು.
ಅವಳ ಅಣ್ಣ ಟೋಬಿಯಾಸ್‌ಗೆ ಕಣ್ಣು ಕಾಣುತ್ತದೆ;
ಮೊಟ್ಟೆ ಎಲ್ಲಿದೆಯೆಂದು ಅವನಿಗೆ ಗೊತ್ತು,
ಬಾಯಿ ತಪ್ಪಿ ಬಂದೀತೆಂದು
ಸ್ವೆಟರಿನ ಕೊರಳನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದ.
ಅವಳು ಮಂಡಿಯೂರಿ, ಹುಲ್ಲು ಸವರಿ,
ಬೇಲಿಯ ಬುಡದಿಂದ ಎತ್ತಿ ಕಿವಿಗಿಟ್ಟುಕೊಂಡಳು.
ಕೂಗುವ ಮೊಟ್ಟೆ ವಾಪಸು ಕೊಟ್ಟರೆ ಚಾಕಲೇಟು ಮೊಟ್ಟೆ, ಅದು ನಿಯಮ.
"ಬೇಡ," ಅಂದಳು. "ಚಾಕಲೇಟು ಮಾತಾಡಲ್ಲ."

ಸಂಜೆ ಲೆಕ್ಕ ಹಾಕಿದರೆ ನಲವತ್ತನಾಲ್ಕರಲ್ಲಿ ಎರಡು ಕಡಿಮೆ.
ಒಂದು ಆಡ್ರಾಳ ದಿಂಬಿನಡಿ. ಇನ್ನೊಂದು?
ನನ್ನ ಮನೆ ಚರ್ಚಿಗೆ ಎದುರು. ರಾತ್ರಿ ಹನ್ನೆರಡಕ್ಕೆ
ಕೀಕ್, ಕೀಕ್.
ಚಪ್ಪಲಿ ಮೆಟ್ಟಿ ಟಾರ್ಚು ಹಿಡಿದು ಹೋದೆ.
ಬೆಳಕು ಎಲ್ಲವನ್ನೂ ತೋರಿಸಿತು, ಮೊಟ್ಟೆಯೊಂದನ್ನು ಬಿಟ್ಟು.
ಆರಿಸಿ, ಕಣ್ಣು ಮುಚ್ಚಿ, ಕೈ ಚಾಚಿದೆ.
ನನ್ನ ಕಿವಿ ಅರ್ಧ ಗರಗಸಕ್ಕೆ, ಅರ್ಧ ಟ್ಯೂಬಾಗೆ ಸಂದಾಯ;
ಸದ್ದು ಎಡದಲ್ಲಿತ್ತು, ಬಲದಲ್ಲಿತ್ತು,
ಒಮ್ಮೆಯಂತೂ ನನ್ನದೇ ಕಿಸೆಯಲ್ಲಿತ್ತು.
ಗುಲಾಬಿಯ ಮುಳ್ಳು ಗೀರಿತು. ಮಂಡಿ ಒದ್ದೆ. ಸೋತು ಬಂದೆ.

ಈಸ್ಟರಿನ ಬೆಳಿಗ್ಗೆ ಆರಕ್ಕೆ ಆರ್ವಿಲ್‌ಗೆ ಫೋನು ಮಾಡಿದೆ:
"ಅದು ಇನ್ನೂ ಕೂಗುತ್ತಿದೆ ಮಾರಾಯ."
ಕಳೆದದ್ದರ ಚಿಂತೆ ಅವನಿಗಿಲ್ಲ.
"ಎಷ್ಟು ಗಂಟೆಯಾಯಿತು?" ಎಂದ.
ಹನ್ನೊಂದಕ್ಕೆ ಶುರು, ಹಾಗಾದರೆ ಹತ್ತೊಂಬತ್ತು, ಎಂದೆ.
ತಂತಿಯ ಆ ತುದಿಯಲ್ಲಿ ಅವನು ಬರೆದುಕೊಂಡ
ಪೆನ್ಸಿಲ್ಲಿನ ಸದ್ದು.
ಬಡಗಿ ನಾನು,
ಅದೊಂದು ಸರಿಯಾಗಿ ಕೇಳಿಸಿತು.