ಆಕ್ಷೇಪಣೆ, ಹದಿನಾರನೆಯ ದಿನ

ಮಾನ್ಯರೇ,
ಹದಿನೈದು ದಿನದೊಳಗೆ ಬರೆದು ಕೊಡಿ ಎಂದಿದ್ದಿರಿ.
ಇದು ಹದಿನಾರನೆಯದು.
ನಿನ್ನೆ ಪದವಿನ ಪಂಪಿನ ಮೋಟಾರು ಸುಟ್ಟಿತ್ತು,
ಹೊಸ ಕಾಯಿಲು ಸುತ್ತಿಸಲು ಮಂಗಳೂರಿಗೆ ಹೋದವ
ಮುಗಿಸಿ ಬರುವಾಗ ನಿಮ್ಮ ಕಚೇರಿ ಬಾಗಿಲು ಹಾಕಿತ್ತು.

ನಾನು ದೂಮಪ್ಪ. ಕಲ್ಲೊಟ್ಟು ಪಂಚಾಯತಿನಲ್ಲಿ
ಇಪ್ಪತ್ತೆರಡು ವರ್ಷದಿಂದ ನೀರು ಬಿಡುವವ.
ಪಂಚಾಯತು ಇನ್ನಿಲ್ಲ, ಎಲ್ಲ ಪಾಲಿಕೆಗೆ ಎಂದು
ಅದರದೇ ಗೋಡೆಗೆ ಅಂಟಿಸಿದ್ದೀರಿ.
ಮೈದಾ ಚೆನ್ನಾಗಿ ಹಿಡಿದಿದೆ.
ಆಡೊಂದು ಮಾತ್ರ ಪೂರ್ವದ ಗಡಿಯನ್ನು ತಿಂದಿದೆ.

ಉಳಿದದ್ದನ್ನು ಓದಿದೆ.
"ಉತ್ತರಕ್ಕೆ ತೋಡು."
ಯಾವ ತೋಡು ಮಾರಾಯ್ರೆ?
ಜೂನಿನಲ್ಲಿ ಅದು ಲಿಗೋರಿಯ ಗದ್ದೆಯ ಆಚೆ,
ಆಗಸ್ಟಿನಲ್ಲಿ ಅವನ ಜಗಲಿಯ ಎರಡನೇ ಮೆಟ್ಟಿಲು,
ಜನವರಿಯಲ್ಲಿ ಮಕ್ಕಳು ಕ್ರಿಕೆಟ್ ಆಡುವ ಹೊಯಿಗೆ.
ಅವನು ಯಾವ ತಿಂಗಳ ವಾರ್ಡಿನಲ್ಲಿ ಓಟು ಹಾಕಬೇಕು?

"ದಕ್ಷಿಣಕ್ಕೆ ಡಾಂಬರು ರಸ್ತೆ."
ಅದರಡಿಯಲ್ಲಿ ನಾಲ್ಕಿಂಚಿನ ಪೈಪು ಅಡ್ಡ ಹೋಗಿದೆ, ನಕ್ಷೆಯಲ್ಲಿ ಇಲ್ಲ.
ಹಮ್ಮಬ್ಬ ಬ್ಯಾರಿಯ ಅಂಗಡಿ ಈಚೆ, ಮನೆ ಆಚೆ.
ಊಟಕ್ಕೆ ಹೊರಟರೆ ಈಗ
"ವಾರ್ಡು ದಾಟಿ ಬರ್ತೇನೆ, ನೋಡಿಕೋ" ಎಂದು
ತೂಗುವ ಬಾಳೆಗೊನೆಗೆ ಹೇಳಿ ಹೋಗುತ್ತಾನೆ.

ಕೊನೆಯ ಸಭೆಗೆ ಎಲ್ಲ ಹನ್ನೊಂದು ಮಂದಿ ಬಂದರು.
ಕರೆಯದೆ ಕೋರಂ ಆದದ್ದು ಅದೊಂದೇ ಸಲ.
ವಾರಿಜಕ್ಕ ಬೀಡಿಯ ತಡ್ಪೆ ಮನೆಯಲ್ಲಿ ಬಿಟ್ಟು ಬಂದಿದ್ದರು.
ಗಂಡ ಹೊರಗೆ ಬೈಕಿನ ಮೇಲೆ,
ಐದು ವರ್ಷ ಅವರ ಹೆಸರು ಬರೆದ ಕೈಯಲ್ಲಿ ಹೆಲ್ಮೆಟು.
ಅಂದು ಅವರೇ ಸಹಿ ಹಾಕಿದರು.
"ವಾ" ದೊಡ್ಡದಾಯಿತು,
"ಜ" ಚೌಕದಿಂದ ಹೊರಗೆ ಕಾಲು ಚಾಚಿತು.
ಸೆಕ್ರೆಟರಿ ಏನೂ ಹೇಳಲಿಲ್ಲ. ಚಹಾ ತರಿಸಿದರು.

ಪಂಚಾಯತು ದೇವಸ್ಥಾನವೇನಲ್ಲ, ನನಗೆ ಗೊತ್ತುಂಟು.
ಆದರೂ ಬೀದಿದೀಪ ಹೋದರೆ
ವಾರಿಜಕ್ಕನ ಅಡುಗೆಮನೆ ಕಿಟಕಿಗೆ ತಟ್ಟುತ್ತಿದ್ದೆವು.
ನೀವು ಒಂದು ನಂಬರು ಕೊಟ್ಟಿದ್ದೀರಿ.
ಕತ್ತಲಲ್ಲಿ ನಿಂತು ಒತ್ತಿದೆ.
ಕನ್ನಡಕ್ಕೆ ಒಂದು, ಎಂದಿತು. ಒಂದು ಒತ್ತಿದೆ.
ಕನ್ನಡಕ್ಕೆ ಒಂದು, ಎಂದಿತು.

ಇಷ್ಟು ಬರೆದವ ಇನ್ನೊಂದನ್ನೂ ಬರೆಯಬೇಕು.
ಹನ್ನೆರಡು ವರ್ಷದ ಹಿಂದೆ ನಾನೂ ಗಡಿ ಹಾಕಿದವನೇ.
ಓಟು ಎಣಿಸಿದ ರಾತ್ರಿ ಆಗಿನ ಅಧ್ಯಕ್ಷರು ಕರೆದು
"ಕೆಳಗಿನ ಓಣಿಗೆ ಹತ್ತು ನಿಮಿಷ ಕಮ್ಮಿ ಮಾಡು" ಎಂದರು.
ಕಾರಣ ಕೇಳಲಿಲ್ಲ.
ಯಾವ ಓಣಿ ಯಾರಿಗೆ ಹಾಕಿತೆಂದು ಊರಿಗೇ ಗೊತ್ತಿತ್ತು.
ಗೆಜೆಟಿಲ್ಲ, ನಕ್ಷೆಯಿಲ್ಲ, ಆಕ್ಷೇಪಣೆಗೆ ಒಂದು ದಿನವೂ ಇಲ್ಲ,
ಕೀಲಿ ಕಾಲು ಸುತ್ತು ಬಲಕ್ಕೆ.
"ಬರೀ ಗಾಳಿ ಬರ್ತದಲ್ಲ ದೂಮಪ್ಪಾ?"
ನಳ್ಳಿಯ ಬಾಯಿಗೆ ಕಿವಿಯಿಟ್ಟು ದೇಯಿಬಾಯಿ ಕೇಳಿದಳು.
ಪ್ರೆಶರ್ ಇಲ್ಲ, ಎಂದೆ.

ಆ ಅಧ್ಯಕ್ಷರು ಸೋತರು. ಬೇರೆಯವರು ಬಂದರು, ಹೋದರು.
ಆ ಹತ್ತು ನಿಮಿಷ ವಾಪಸು ಕೊಡು ಎಂದು ಯಾರೂ ಹೇಳಲಿಲ್ಲ,
ಯಾರಿಗೂ ನೆನಪಿರಲಿಲ್ಲ. ನನಗಿತ್ತು.
ದೇಯಿಬಾಯಿ ತೀರಿ ಮೂರು ಮಳೆಗಾಲ ಆಯಿತು.

ಇವತ್ತು ಐದಕ್ಕೆ, ಹೊಸ ಕಾಯಿಲಿನ ಮೋಟಾರು ಹಾಕಿ,
ವಾಲ್ವನ್ನು ಪೂರ್ತಿ ತೆರೆದೆ.
ಕೆಳಗಿನ ಓಣಿಯಲ್ಲಿ ಬಕೆಟೊಂದು ತುಂಬಿ
ಚೆಲ್ಲತೊಡಗಿತು. ನಿಲ್ಲಿಸಲು ಯಾರೂ ಎದ್ದಿರಲಿಲ್ಲ;
ಅಷ್ಟು ಬೇಗ ತುಂಬುವುದು ಅವರಿಗೆ ಅಭ್ಯಾಸವಿಲ್ಲ.

ಕೀಲಿಯನ್ನು ಸೋಮವಾರ ತಂದು ಒಪ್ಪಿಸುತ್ತೇನೆ.
ರಶೀದಿ ಬೇಕು.
ಮುಂದೆ ಬರುವವನಿಗೆ ಹೇಳಿ, ಮೂರನೇ ವಾಲ್ವು ಬಿಗಿ ಉಂಟು:
ಮುಚ್ಚಲು ಒಂದು ಕೈ ಸಾಕು,
ತೆರೆಯಲು ಎರಡೂ ಬೇಕು, ಮೊಣಕಾಲು ಊರಿ.

ಅರ್ಜಿಯಲ್ಲಿ ವಾರ್ಡು ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ.
ನನ್ನ ಮನೆ ಪೂರ್ವದಲ್ಲಿ.
ಆ ಸಾಲು ಆಡಿನ ಹೊಟ್ಟೆಯಲ್ಲಿದೆ.