ಮೂಗಿನ ದಾರಿ

ಹನ್ನೊಂದನೇ ಹಾಸಿಗೆಗೆ ಎರಡು ತಾಸಿಗೊಮ್ಮೆ.
ಬೆಳಗ್ಗೆ ಆರು, ಎಂಟು, ಹತ್ತು, ಹೀಗೆ.
ಚೀಟಿ ಬರೆಯುವವರು ಡಯಟ್ ಮೇಡಂ,
ಅರೆಯುವವಳು, ಸೋಸುವವಳು, ಹೊತ್ತೊಯ್ಯುವವಳು ನಾನು.

ರಾಗಿ ಹಿಟ್ಟು, ಹಾಲು, ಕರಗುವಂತೆ ಬೆಂದ ಹೆಸರುಬೇಳೆ,
ಅಳೆದ ಎಣ್ಣೆ, ಅಳೆದ ಸಕ್ಕರೆ.
ಮಿಕ್ಸಿಯಲ್ಲಿ ಮೂರು ಸಲ, ಬಿಳಿ ಬಟ್ಟೆಯಲ್ಲಿ ಎರಡು ಸಲ.
ಒಂದು ತರಿ ಉಳಿದರೂ ಕೊಳವೆ ಕಟ್ಟಿಕೊಳ್ಳುತ್ತದೆ,
ಆಮೇಲೆ ಸಿಸ್ಟರ್ ಬಾಯಿ ಕಟ್ಟಲಾಗುವುದಿಲ್ಲ.

ಅವನು ಬಂದ ದಿನ ತಕ್ಕಡಿ ಹೇಳಿದ್ದು ಮೂವತ್ತೊಂದು ಕಿಲೋ.
ಆಜಾದ್ ನಗರದ ಮಂಡಕ್ಕಿ ಭಟ್ಟಿಯಲ್ಲಿ
ಇಪ್ಪತ್ತಾರು ವರ್ಷ ಮರಳು ಕಾಯಿಸಿದ ಹುಸೇನ್‌ಪೀರ್.
ಲಕ್ವ ಹೊಡೆದು ಗಂಟಲಿಗೆ ನುಂಗುವುದು ಮರೆತಿತ್ತು.
ಮೂರು ತಿಂಗಳು ಚಾದಲ್ಲಿ ಅದ್ದಿದ ಬನ್ನು,
ಅರ್ಧ ಒಳಗೆ, ಅರ್ಧ ದಿಂಬಿಗೆ.
ಮಂಡಕ್ಕಿ ಮೂಟೆ ನೋಡಿದ್ದೀರಲ್ಲ, ಕಣ್ಣಿಗೆ ಆನೆ, ಹೆಗಲಿಗೆ ಹತ್ತಿ.
ಇವನು ಕಣ್ಣಿಗೂ ಹತ್ತಿಯೇ.

ಮೊದಲ ದಿನ ಬರೆದದ್ದು ಐವತ್ತು ಎಂಎಲ್.
ಹೆಂಡತಿ ಮಾಬುನ್ನಿ ಲೋಟ ಬಗ್ಗಿಸಿ ನೋಡಿದಳು.
"ಗುಬ್ಬಿಗಾ ಇದು, ಮನುಷ್ಯಗಾ?
ಮನೇಲಿ ಉಪವಾಸ ಬಿದ್ದದ್ದು ಸಾಲ್ದು ಅಂತ
ನೀವೂ ಅಳತೆ ಹಿಡೀತೀರೇನಕ್ಕ?"
ಮೇಡಂ ವಿವರಿಸಿದರು: ಒಣಗಿದ ಮೈಗೆ ಒಮ್ಮೆಲೇ ಅನ್ನ ಬಿದ್ದರೆ
ರಕ್ತದ ಉಪ್ಪು ಏರುಪೇರಾಗುತ್ತದೆ, ಹೃದಯ ತಡೆಯುವುದಿಲ್ಲ.
ಮಾಬುನ್ನಿ ಗೋಡೆ ನೋಡುತ್ತ ನಿಂತಳು.

ಅವರು ಹೋದ ಮೇಲೆ ನಾನೇ ಕೇಳಿದೆ,
"ಭಟ್ಟೀಲಿ ಹಸಿ ಅಕ್ಕಿ ತಂದು ನೇರ ಮರಳಿಗೆ ಸುರಿದರೆ?"
"ಸೀದುಹೋಗ್ತದೆ. ಅರಳಂಗಿಲ್ಲ.
ಮೊದ್ಲು ಉಪ್ಪುನೀರು ಕುಡಿಸ್ಬೇಕು, ಆರಿಸ್ಬೇಕು,
ಸಣ್ಣ ಉರೀಲಿ ಬೆಚ್ಚಗೆ ಮಾಡ್ಬೇಕು, ಆಮೇಲೆ..."
ಅಲ್ಲಿಗೇ ನಿಲ್ಲಿಸಿದಳು.
ಸಂಜೆ ಪಕ್ಕದ ಹಾಸಿಗೆಯವರು ಕರುಣೆಯಿಂದ ಎಳನೀರು ತಂದಾಗ
ಅಡ್ಡ ಬಂದ ಕೈ ಅವಳದೇ.
ಆಮೇಲಿಂದ ವಾರ್ಡಿನ ಗಡಿಯಾರ ಅವಳ ಸುಪರ್ದಿ.
ಐದು ನಿಮಿಷ ತಡವಾದರೆ ಅಡುಗೆಮನೆ ತನಕ ಚಪ್ಪಲಿ ಸದ್ದು.

ಸಿಸ್ಟರ್ ತಲೆದಿಂಬು ಏರಿಸಿ, ಕೊಳವೆ ಪರೀಕ್ಷಿಸಿ,
ಸಿರಿಂಜು ಎತ್ತಿ ಹಿಡಿದು ಸುರಿಯುತ್ತಾರೆ.
ಕೈ ಏರಿದರೆ ಬೇಗ, ಇಳಿದರೆ ನಿಧಾನ.
ತುತ್ತಲ್ಲ, ಗುಟುಕಲ್ಲ,
ಉಣಿಸುವುದೂ ಅಲ್ಲ, ಕುಡಿಸುವುದೂ ಅಲ್ಲ.
ನಮ್ಮ ಬಾಯಲ್ಲಿ ಇದಕ್ಕೆ ಹೆಸರೇ ಇಲ್ಲ.
ರಿಜಿಸ್ಟರಿನಲ್ಲಿ ಮಾತ್ರ: ಕೊಟ್ಟಿದೆ.

ಚೀಟಿಯಲ್ಲಿ ಜೀರಿಗೆ ಇರಲಿಲ್ಲ.
ಮೂಗಿನ ದಾರಿಗೆ ನಾಲಗೆ ಎಲ್ಲಿ, ರುಚಿ ಕೇಳುವವರಾರು?
ಆದರೂ ಗಂಜಿ ಎಂದರೆ ನನ್ನ ಕೈ ತಾನಾಗಿ
ಜೀರಿಗೆ ಡಬ್ಬಿ ಕಡೆ ಹೋಗುತ್ತದೆ.
ಮೇಡಂ ಹತ್ತಿರ ಕಳ್ಳಿಯ ಹಾಗೆ ನಿಂತು ಹೇಳಿದೆ.
ನಕ್ಕರು. "ನುಣ್ಣಗೆ ಪುಡಿ ಮಾಡು, ಚೆನ್ನಾಗಿ ಸೋಸು."

ಒಂಬತ್ತನೇ ದಿನ, ಇನ್ನೂರು ಎಂಎಲ್ ಇಳಿದ ಮೇಲೆ,
ಖಾಲಿ ಪಾತ್ರೆಗೆ ಕೈ ಚಾಚಿದ್ದೆ.
ಹುಸೇನ್‌ಪೀರ್ ತೇಗಿದ.
ಸಣ್ಣ ತೇಗು, ಮಗುವಿನದರಷ್ಟು.
ಹುಬ್ಬು ಗಂಟಿಕ್ಕಿತು, ಒಣ ನಾಲಗೆ ಅಂಗಳಕ್ಕೆ ತಾಗಿ
ಅಲ್ಲೇ ಏನನ್ನೋ ಹುಡುಕಿತು.
"ಜೀ..." ಎಂದ. ಬಹಳ ಹೊತ್ತಿನ ಮೇಲೆ, "...ರ್ಗಿ."
ಮಾಬುನ್ನಿ ನನ್ನ ಮುಖ ನೋಡಿದಳು,
ನಾನು ಪಾತ್ರೆಯ ತಳ ನೋಡಿದೆ.

ಮರುದಿನ ತಕ್ಕಡಿ ಮೂವತ್ತೊಂದೂವರೆ ಅಂದಿತು.
ನಂಬಲಿಲ್ಲ ನಾನು. ಚಾದರ ಎಳೆದು ಮತ್ತೆ ತೂಗಿಸಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಬೇಳೆ ಸೋಸುತ್ತಿದ್ದಾಗ
ಬಾಗಿಲಲ್ಲಿ ಅದೇ ಚಪ್ಪಲಿ ಸದ್ದು.
"ಅಕ್ಕ, ತಪ್ಪು ತಿಳೀಬ್ಯಾಡ,
ಹತ್ತು ಗಂಟೇದ್ರಾಗೆ ಜೀರ್ಗಿ ಕಮ್ಮಿ ಇತ್ತಂತೆ."

ಈ ಒಲೆ ಮುಂದೆ ಹತ್ತೊಂಬತ್ತು ವರ್ಷ.
ಕೊಳವೆಯಲ್ಲಿ ಉಂಡವನೊಬ್ಬ
ನನ್ನ ಅಡುಗೆಗೆ ಹೆಸರಿಟ್ಟದ್ದು ಇದೇ ಮೊದಲು.